ದಿಣ್ಣೆ ಹತ್ತುತ್ತೇನ್ಲಾ?

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಊರಲ್ಲಿ ಹುಣಸೆ ಹಣ್ಣು, ಇವೆರಡರ ಮಧ್ಯೆ ಒಂದು ಇಂಜಿನ್ನು... ದಿನ ಹೋಗಿದ್ದೇ ಗೊತ್ತಾಗಲಿಲ್ಲ. ಇವತ್ತು ಆ ಇಂಜಿನ್ನಿನ ಕತೆ. ಮೆಕ್ಯಾನಿಕಲ್ ಓದಿದವರು ನಗಬೇಡಿ, ನಾನು ಓದಿದ್ದು ಕಂಪ್ಯೂಟರ್ ಸೈನ್ಸು :-)

ನಮ್ಮೂರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಂದಷ್ಟು ಒಳಗೆ. ಮನೆ ಮೇಲೆ, ಹುಣಸೆ ಮರಗಳಿರೋದು ಕೆಳಗೆ ಹಳ್ಳದ ಪಕ್ಕ. ಮಧ್ಯೆ ಒಂದು ದಿಣ್ಣೆ. ಕಲ್ಲು, ಕೆಮ್ಮಣ್ಣು, ಒಂದು ಕಡೆ ಬದು. ಟ್ರ್ಯಾಕ್ಟರ್ ಹಿಡಿಯೋಷ್ಟು ಅಗಲ ಇಲ್ಲ. ಮೊದಲು ಎತ್ತಿನ ಗಾಡಿ ಇತ್ತು. ಎರಡು ವರ್ಷದ ಹಿಂದೆ ಅಪ್ಪ ಎತ್ತು ಮಾರಿದರು, ನೋಡಿಕೊಳ್ಳೋರು ಯಾರು ಅಂತ. ನೋಡಿಕೊಳ್ಳಬೇಕಾದವನು ಬೆಂಗಳೂರಲ್ಲಿ ಏಸಿ ಕೆಳಗೆ ಕೂತಿದ್ದ. ಅಂದ್ರೆ ನಾನು. ಆಮೇಲೆ ಅಪ್ಪ ಮೂಟೆಗಳನ್ನ ಮೊಪೆಡ್ಡಿನಲ್ಲಿ ಒಂದೊಂದೇ ತರೋರು. ಹಳ್ಳದ ಮರಳಲ್ಲಿ ಚಕ್ರ ಹೂತರೆ ಇಳಿದು ಬೆನ್ನ ಮೇಲೆ ಹೊರೋರು. ಹೋದ ವರ್ಷ ಸೊಂಟ ಹಿಡಿದು ಹದಿನೈದು ದಿನ ಮಲಗಿದ್ದರು. ನನಗೆ ಅದು ಗೊತ್ತಾಗಿದ್ದು ಹದಿನಾರನೇ ದಿನ.

ಹೀಗಿರುವಾಗ ಬೆಂಗಳೂರಿನ ಹೊರಗೆ ಒಂದು ರೆಸಾರ್ಟ್ ಮುಚ್ಚಿತು, ಅದರ ಏಟಿವಿಗಳನ್ನ ಮಾರ್ತಿದ್ದಾರೆ ಅಂತ ಆಫೀಸಿನ ಗೆಳೆಯ ಹೇಳಿದ. ಏಟಿವಿ ಅಂದ್ರೆ ಗೊತ್ತಲ್ಲ, ದಪ್ಪ ದಪ್ಪ ನಾಲ್ಕು ಚಕ್ರ, ಬೈಕಿನ ಹ್ಯಾಂಡಲ್ಲು, ವೀಕೆಂಡಲ್ಲಿ ಜನ ದುಡ್ಡು ಕೊಟ್ಟು ಧೂಳು ಕುಡಿಯೋಕೆ ಓಡಿಸೋ ಗಾಡಿ. 110 ಸಿಸಿ, ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ನೋಂದಣಿ ಇಲ್ಲ, ರಸ್ತೆಗೆ ತರೋ ಹಾಗಿಲ್ಲ. ಆದ್ರೆ ನಮಗೆ ಬೇಕಿದ್ದಿದ್ದು ಹೊಲದೊಳಗೆ ತಾನೇ? ಟಾಟಾ ಏಸ್ ಮೇಲೆ ಹಾಕಿಸಿಕೊಂಡು ಕೊರಟಗೆರೆ ಮೇಲೆ ಊರಿಗೆ ತಂದೆ.

ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. ಜಾತ್ರೇಲಿ ಎತ್ತು ನೋಡೋ ಥರಾನೇ, ಹಲ್ಲು ಹಿಡಿದು ನೋಡೋದೊಂದು ಬಾಕಿ. ಆಮೇಲೆ ಕೇಳಿದರು, "ದಿಣ್ಣೆ ಹತ್ತುತ್ತೇನ್ಲಾ?"

"ಏಳು ಎಚ್ಪಿ ಐತೆ ಕಣಪ್ಪ" ಅಂದೆ.

ಹಿಂದೆ ಒಂದು ಕ್ಯಾರಿಯರ್ ವೆಲ್ಡ್ ಮಾಡಿಸಿದ್ವಿ. ಎರಡು ಮೂಟೆ ಹಾಕಿದರೆ ಏದುಸಿರು ಬಿಡ್ತಾ ಹತ್ತಿತು. ಮೂರು ಹಾಕಿದರೆ ಅರ್ಧಕ್ಕೆ ನಿಂತಿತು. ಅಪ್ಪ ಏನೂ ಅನ್ನಲಿಲ್ಲ. ನನಗೆ ಮಾತ್ರ ಅವಮಾನ. ಅವತ್ತು ರಾತ್ರಿ ಯೂಟ್ಯೂಬ್ ಹಚ್ಚಿ ಕೂತೆ. ಅಮೆರಿಕದ ಹುಡುಗರು ಗ್ಯಾರೇಜಿನಲ್ಲಿ ಇಂಥದೇ ಇಂಜಿನ್ನಿಗೆ "ಪರ್ಫಾರ್ಮೆನ್ಸ್ ಕ್ಯಾಮ್" ಹಾಕ್ತಾರೆ, ಗಾಡಿ ಹುಲಿ ಥರ ಘರ್ಜಿಸುತ್ತೆ. ಮೂರು ಸಾವಿರದ ಚಿಲ್ಲರೆ. ಆರ್ಡರ್ ಮಾಡಿಬಿಟ್ಟೆ.

ಸ್ವಲ್ಪ ಪಾಠ ಹೇಳ್ತೀನಿ, ಬೇಜಾರಾದ್ರೆ ಒಂದು ಪ್ಯಾರಾ ಹಾರಿಸಿ. ಇಂಜಿನ್ನಿನ ತಲೆಯಲ್ಲಿ ಎರಡು ವಾಲ್ವು, ಒಂದು ಪೆಟ್ರೋಲು ಗಾಳಿ ಒಳಗೆ ಬಿಡೋಕೆ, ಇನ್ನೊಂದು ಹೊಗೆ ಹೊರಗೆ ಹಾಕೋಕೆ. ಅವನ್ನ ಯಾವಾಗ ತೆಗೀಬೇಕು, ಎಷ್ಟು ತೆಗೀಬೇಕು, ಎಷ್ಟೊತ್ತು ತೆಗೆದಿರಬೇಕು ಅಂತ ಹೇಳೋದೇ ಕ್ಯಾಮ್‌ಶಾಫ್ಟ್. ಬೆರಳುದ್ದದ ಕಬ್ಬಿಣದ ಕಡ್ಡಿ, ಅದರ ಮೇಲೆ ಮೊಟ್ಟೆ ಆಕಾರದ ಎರಡು ಉಬ್ಬು. ಪಿಸ್ಟನ್ನಿನ ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಹೊಸ ಕ್ಯಾಮಿನ ಉಬ್ಬು ಹಳೇದಕ್ಕಿಂತ ಕೂದಲೆಳೆ ಎತ್ತರ, ಸ್ವಲ್ಪ ಅಗಲ. ಅಷ್ಟೇ ವ್ಯತ್ಯಾಸ.

ಇಂಜಿನ್ ನೋಡಿದ ಕೂಡಲೇ ಊರಿನ ಮೆಕ್ಯಾನಿಕ್ಕು "ಇದು ಸ್ಪ್ಲೆಂಡರ್ ಇಂಜಿನ್ನೇ ಅಲ್ವಾ ಸಾರ್" ಅಂದ. ಪೂರ್ತಿ ತಪ್ಪಲ್ಲ. 1958ರಲ್ಲಿ ಜಪಾನಿನಲ್ಲಿ ಬಂದ ಹೋಂಡಾ ಸೂಪರ್ ಕಬ್ ಅನ್ನೋ ಪುಟ್ಟ ಗಾಡಿಯ ವಂಶಾವಳಿ ಇದು, ಸಿಲಿಂಡರು ಮುಂದಕ್ಕೆ ಅಡ್ಡ ಮಲಗಿರುತ್ತೆ. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರ್ ಅದೇ ಮನೆತನದ್ದು, ಈ ಚೀನಾ ಏಟಿವಿಗಳದ್ದೂ ಅದೇ. ಎರಡರಲ್ಲೂ ಪಿಸ್ಟನ್ ಓಡೋ ದೂರ 49.5 ಮಿಲಿಮೀಟರೇ. ನೆಂಟಸ್ತಿಕೆ ಹತ್ತಿರದ್ದೇ ಅಂದಂಗಾಯ್ತು.

ಶನಿವಾರ ಬೆಳಗ್ಗೆ ಕೊಟ್ಟಿಗೇಲಿ ಗೋಣಿಚೀಲ ಹಾಸಿ ಶುರು ಮಾಡಿದೆ. ಪಾವಗಡದಿಂದ ಮಾವ ಬಂದು ಮಂಚದ ಮೇಲೆ ಕೂತಿದ್ದರು. ಮಾವನ ಹೊಲ ತಿರುಮಣಿ ಕಡೆ, ಈಗ ಸೋಲಾರ್ ಪಾರ್ಕಿನೊಳಗೆ ಸೇರಿಹೋಗಿದೆ. 13 ಸಾವಿರ ಎಕರೆ, 2,050 ಮೆಗಾವ್ಯಾಟ್, 2018ರಲ್ಲಿ ಉದ್ಘಾಟನೆ ಆಯ್ತಲ್ಲ, ಅದೇ. ವರ್ಷಾ ವರ್ಷ ಗುತ್ತಿಗೆ ದುಡ್ಡು ಬರುತ್ತೆ, ಮಾಡೋಕೆ ಮಾತ್ರ ಏನೂ ಕೆಲಸ ಇಲ್ಲ. ಹಾಗಾಗಿ ಬೇರೆಯವರ ಕೆಲಸ ನೋಡೋಕೆ ಬರ್ತಾರೆ. ಕರೆಂಟ್ ಇಲ್ಲದ ಕಾಲದಲ್ಲಿ ಬಾವಿ ಮೇಲೆ ಕಿರ್ಲೋಸ್ಕರ್ ಡೀಸೆಲ್ ಇಂಜಿನ್ ಇಟ್ಟಿದ್ದವರು, ಟ್ಯಾಪೆಟ್ಟು ಗೀಪೆಟ್ಟು ಎಲ್ಲ ನನಗಿಂತ ಚೆನ್ನಾಗಿ ಗೊತ್ತು. ಸಿಟ್ಟು ಬಂದ್ರೆ ತೆಲುಗಿಗೆ ಹೊರಳ್ತಾರೆ.

"ಏನ್ ಅಳಿಯ, ಚೆನ್ನಾಗಿರೋದನ್ನ ಯಾಕೆ ಬಿಚ್ತೀಯ?"

"ಸುಮ್ನಿರು ಮಾವ, ನೋಡ್ತಿರು."

ಎಡಗಡೆ ಮ್ಯಾಗ್ನೆಟ್ ಕವರ್ ಬಿಚ್ಚಿ, ಮ್ಯಾಗ್ನೆಟ್ಟಿನ ಮೇಲಿರೋ ಟಿ ಗುರುತನ್ನ ಕೇಸಿನ ಗುರುತಿಗೆ ತಂದು ನಿಲ್ಲಿಸಬೇಕು. ಆವಾಗ ಹೆಡ್ಡಿನಲ್ಲಿರೋ ಪಲ್ಲಚಕ್ರದ ಚುಕ್ಕೆ ಅಲ್ಲಿನ ಗೆರೆಗೆ ಸರಿಯಾಗಿ ಕೂತಿರಬೇಕು, ಎರಡೂ ರಾಕರ್ ಸಡಿಲ ಇರಬೇಕು. ಅದನ್ನ ಫೋಟೋ ತೆಗೆದಿಟ್ಟುಕೊಂಡೆ (ಬ್ಯಾಕಪ್ ಇಲ್ಲದೆ ಡಿಪ್ಲಾಯ್ ಮಾಡಬಾರದು!). ಟೈಮಿಂಗ್ ಚೈನು ಒಳಗೆ ಬೀಳದ ಹಾಗೆ ತಂತಿ ಕಟ್ಟಿದೆ. ಪಲ್ಲಚಕ್ರದ ಮೂರು ಬೋಲ್ಟು ಬಿಚ್ಚುವಾಗ ಮೂರನೇದು ಬೆರಳು ಜಾರಿ ಟಣ್ ಅಂತ ಚೈನಿನ ಗೂಡಿನೊಳಗೆ ಹೋಯ್ತು.

ಮಾವ ತೆಲುಗಿಗೆ ಹೊರಳಿದರು.

ಬೈಕ್ ಹತ್ತಿ ಸಿರಾಕ್ಕೆ ಹೋದೆ. ನಲವತ್ತು ಕಿಲೋಮೀಟರ್ ಹತ್ತಿರ ಆಗುತ್ತೆ, ಆದ್ರೆ ಹೈವೇ ಊರು, ಲಾರಿ ಗ್ಯಾರೇಜುಗಳಿವೆ, ಸಾಮಾನು ಸಿಗುತ್ತೆ. ಆಂಟೆನಾ ಥರ ಉದ್ದ ಎಳೆಯೋ, ತುದೀಲಿ ಆಯಸ್ಕಾಂತ ಇರೋ ಕಡ್ಡಿ ಒಂದು, ಫೀಲರ್ ಗೇಜ್ ಒಂದು ತಂದೆ. ಬೋಲ್ಟು ಸಿಕ್ಕಿದಾಗ ಸಂಜೆ ಆಗಿತ್ತು. ಹುಡುಕಿ ಎತ್ತಿದ್ದು ನಾನಲ್ಲ, ಅಪ್ಪ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಒಂದೇ ಸಲಕ್ಕೆ.

ಭಾನುವಾರ ರಾಕರ್ ಪಿನ್ನು ಎಳೆದು, ಹಳೇ ಕ್ಯಾಮ್ ತೆಗೆದು, ಹೊಸದಕ್ಕೆ ಆಯಿಲ್ ಸವರಿ ಕೂರಿಸಿದೆ. ಚೈನು ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಇದನ್ನ ಮಾತ್ರ ಯಾರೂ ಬಿಡಬೇಡಿ, ಎಲ್ಲಾದರೂ ವಾಲ್ವು ಪಿಸ್ಟನ್ನಿಗೆ ತಾಗುತ್ತಿದ್ದರೆ ಕೈಗೇ ಗೊತ್ತಾಗುತ್ತೆ, ಕಿಕ್ ಹೊಡೆದ ಮೇಲೆ ಗೊತ್ತಾದ್ರೆ ದುಬಾರಿ. ನಂದು ತಾಗಲಿಲ್ಲ, ಆದ್ರೆ ಚುಕ್ಕೆ ಒಂದು ಹಲ್ಲು ಪಕ್ಕಕ್ಕಿತ್ತು. ಚಕ್ರಕ್ಕೆ 28 ಹಲ್ಲು. ಒಂದು ಹಲ್ಲು ತಪ್ಪಿದರೆ ಕ್ಯಾಮಿನಲ್ಲಿ 13 ಡಿಗ್ರಿ, ಕ್ರ್ಯಾಂಕಿನಲ್ಲಿ 26 ಡಿಗ್ರಿ ತಪ್ಪಿದಂಗೆ. ಮತ್ತೆ ಬಿಚ್ಚಿ ಸರಿ ಮಾಡಿ, ಟ್ಯಾಪೆಟ್ 0.05 ಮಿಲಿಮೀಟರಿಗೆ ಇಟ್ಟು, ಕವರ್ ಮುಚ್ಚಿ, ಕಿಕ್ ಹೊಡೆದೆ.

ಹೊತ್ತಿಕೊಳ್ತು! ನಿಂತಲ್ಲಿ ಸ್ವಲ್ಪ ಕುಂಟುತ್ತಿತ್ತು, ಆದ್ರೆ ರೇಸ್ ಕೊಟ್ಟರೆ ಏನು ಸದ್ದು ಅಂತೀರಿ. ಕಣದಲ್ಲಿ ನಾಲ್ಕು ಸುತ್ತು ಹೊಡೆದೆ, ಹುಡುಗರೆಲ್ಲ ಹಿಂದೆ ಓಡಿ ಬಂದರು. ಜೀವನದಲ್ಲಿ ಮೊದಲ ಸಲ ಕೈ ಕರಿ ಮಾಡಿಕೊಂಡು ಏನೋ ಒಂದು ಮಾಡಿದ್ದೆ.

ಅಪ್ಪ ಮತ್ತೆ ಕೇಳಿದರು, "ಈಗ ದಿಣ್ಣೆ ಹತ್ತುತ್ತೇನ್ಲಾ?"

"ಹತ್ತೋದೇನು, ಹಾರುತ್ತೆ."

ಮೂರು ಮೂಟೆ ಹೇರಿ ಅಪ್ಪನೇ ಕೂತರು. ಅಪ್ಪ ಗಾಡಿ ಓಡಿಸೋದು ಎತ್ತು ಹೊಡೆಯೋ ಹಾಗೆ, ನಿಧಾನ. ಕಲ್ಲು ದಿಣ್ಣೆ ಮೇಲೆ ರೇಸ್ ಹಿಂಡೋಕೂ ಆಗಲ್ಲ, ಹಿಂಡಿದರೆ ಎಗರಿ ಬದುವಿಗೆ ಬೀಳುತ್ತೆ. ಮೊದಲು ಅರ್ಧಕ್ಕೆ ನಿಂತಿದ್ದು ಈ ಸಲ ಕಾಲು ಭಾಗಕ್ಕೇ ಉಸಿರು ಬಿಡ್ತು. ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಹಿಡೀತು, ಮೂಟೆ ಭಾರಕ್ಕೆ ಮುಂದಿನ ಚಕ್ರ ಎದ್ದಿತು. ಅಪ್ಪ ಪಕ್ಕಕ್ಕೆ ಹಾರಿದರು. ಗಾಡಿ ಬದುವಿಗೆ ಒರಗಿ ನಿಂತಿತು, ಮೂಟೆ ಹಳ್ಳದ ಕಡೆ ಉರುಳಿತು.

ಮೊಣಕೈ ತರಚಿತ್ತು ಅಷ್ಟೇ. ಅಷ್ಟೇ ಅಂತ ಈಗ ಬರೀತಿದ್ದೀನಿ. ಅವತ್ತು ಕೆಳಗಿನಿಂದ ಓಡಿ ಹೋಗುವಾಗ ಕಾಲು ಕಾಲಲ್ಲಿರಲಿಲ್ಲ.

ರಾತ್ರಿ ಊಟ ಆದ ಮೇಲೆ ಮಾವ ತಣ್ಣಗೆ ಕೇಳಿದರು, "ನಮ್ಮ ಕಿರ್ಲೋಸ್ಕರ್ ಐದೇ ಎಚ್ಪಿ. ಹಗಲೆಲ್ಲಾ ನೀರೆತ್ತೋದು, ಒಂದು ದಿನ ಏದುಸಿರು ಬಿಟ್ಟಿಲ್ಲ. ನಿನ್ನ ಏಳು ಎಚ್ಪಿಗೆ ಏನಾಗೈತೆ?"

ಉತ್ತರ ಕೊಡೋಕೆ ಮೊಬೈಲಲ್ಲಿ ಲೆಕ್ಕ ಹಾಕಿದೆ. ಆ ಡೀಸೆಲ್ ಇಂಜಿನ್ ಐದು ಎಚ್ಪಿ ಕೊಡೋದು ನಿಮಿಷಕ್ಕೆ 1,500 ಸುತ್ತಿನಲ್ಲಿ. ಅಂದ್ರೆ ತಿರುಚೋ ಬಲ, ಟಾರ್ಕು, 23 ನ್ಯೂಟನ್ ಮೀಟರ್ ಮೇಲೆ. ನಂದು ಏಳು ಎಚ್ಪಿ ಕೊಡೋದು 7,500 ಸುತ್ತಿನಲ್ಲಿ, ಅಲ್ಲಿ ಟಾರ್ಕು ಆರೂವರೆ ಚಿಲ್ಲರೆ. ಮೂರೂವರೆ ಪಟ್ಟು ವ್ಯತ್ಯಾಸ! ಗೇರು ಹಾಕಿ ಅದನ್ನ ಹೆಚ್ಚಿಸಬಹುದು, ನಿಜ. ಆದ್ರೆ ಅಪ್ಪ ದಿಣ್ಣೇಲಿ ಓಡಿಸೋದು 3,000 ಸುತ್ತಿನ ಆಸುಪಾಸಿನಲ್ಲಿ. ನಾನು ತಂದ ಕ್ಯಾಮ್ ಅಲ್ಲಿನ ಬಲ ಕಿತ್ತು ಮೇಲಿನ ಸುತ್ತುಗಳಿಗೆ ಕೊಟ್ಟಿತ್ತು.

ಯಾಕೆ ಅಂತ ಮಾವನಿಗೆ ಹೀಗೆ ಹೇಳಿದೆ. ದಂಡಿನ ಮಾರಮ್ಮನ ಜಾತ್ರೆ ದಿನ ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರು ಬಸ್ಸಿನ ಬಾಗಿಲು ಇನ್ನೊಂದು ನಿಮಿಷ ಜಾಸ್ತಿ ತೆಗೆದಿಟ್ಟರೆ, ಹಿಂದಿನವರು ತಳ್ಳೋ ರಭಸಕ್ಕೆ ಇನ್ನೂ ಹತ್ತು ಜನ ಒಳಗೆ ತುಂಬ್ತಾರೆ. ಜನ ಇಲ್ಲದ ದಿನ ಹಾಗೇ ತೆಗೆದಿಟ್ಟರೆ? ಹತ್ತಿದವರೂ ಇಳಿದು ಬೀಡಿ ಸೇದೋಕೆ ಹೋಗ್ತಾರೆ. ಹೊಸ ಕ್ಯಾಮ್ ವಾಲ್ವನ್ನ ತಡವಾಗಿ ಮುಚ್ಚುತ್ತೆ. ಜೋರಾಗಿ ಓಡುವಾಗ ಗಾಳಿ ರಭಸದಿಂದ ತುಂಬಿಕೊಳ್ಳುತ್ತೆ. ನಿಧಾನಕ್ಕೆ ಓಡುವಾಗ ಮೇಲೇರೋ ಪಿಸ್ಟನ್ನು ಒಳಗೆ ಬಂದಿದ್ದನ್ನೇ ವಾಪಸ್ ಹೊರಗೆ ತಳ್ಳುತ್ತೆ.

ಅಪ್ಪ ಮೊಣಕೈಗೆ ಅರಿಶಿನ ಹಚ್ಚಿಕೊಳ್ತಾ ಕೇಳಿಸಿಕೊಳ್ತಿದ್ದರು. "ಓಟದ ಎತ್ತು ತಂದು ನೊಗಕ್ಕೆ ಕಟ್ಟಿದೀಯ ಅನ್ನು" ಅಂದರು. ನಾನು ಹತ್ತು ನಿಮಿಷ ಹೇಳಿದ್ದು ಅಷ್ಟೇ :-(

ನಿದ್ದೆ ಬರಲಿಲ್ಲ. ಅಪ್ಪ ಎರಡು ಸಲವೂ ಒಂದೇ ಪ್ರಶ್ನೆ ಕೇಳಿದ್ದರು, ದಿಣ್ಣೆ ಹತ್ತುತ್ತಾ ಅಂತ. ನಾನು ಒಂದು ಸಲ ಎಚ್ಪಿ ಹೇಳಿದೆ, ಇನ್ನೊಂದು ಸಲ ಹಾರುತ್ತೆ ಅಂದೆ. ಆಫೀಸಿನಲ್ಲಿ ಕ್ಲೈಂಟ್ ಹೇಳಿದ್ದನ್ನ ಬರೆದುಕೊಂಡು, ಹೌದಾ ಅಂತ ತಿರುಗಿ ಕೇಳಿ, ಸಹಿ ಹಾಕಿಸಿಕೊಂಡು ಕೆಲಸ ಶುರು ಮಾಡ್ತೀವಿ. ಅಪ್ಪನ ಹತ್ತಿರ ಮಾತ್ರ ಕೇಳಿಸಿಕೊಳ್ಳೋಕೂ ಪುರುಸೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೆ ಬೇಕಿದ್ದಿದ್ದು ಆ ಸದ್ದು, ಹಿಂದೆ ಓಡಿ ಬಂದ ಹುಡುಗರು.

ಮುಂದಿನ ಶನಿವಾರ ಹಳೇ ಕ್ಯಾಮೇ ವಾಪಸ್ ಹಾಕಿದೆ. ಈ ಸಲ ಮೂರು ಗಂಟೆ ಸಾಕಾಯ್ತು, ಬೋಲ್ಟು ಬೀಳಲಿಲ್ಲ. ಸಿರಾದಲ್ಲಿ ಹುಡುಕಿ 17 ಹಲ್ಲಿನ ಮುಂದಿನ ಸ್ಪ್ರಾಕೆಟ್ ಬದಲು 14 ಹಲ್ಲಿನದು ತಂದೆ. ಇನ್ನೂರೈವತ್ತು ರೂಪಾಯಿ. ಚಕ್ರಕ್ಕೆ ಸಿಗೋ ಬಲ ನೂರಕ್ಕೆ ಇಪ್ಪತ್ತರಷ್ಟು ಜಾಸ್ತಿ, ವೇಗ ಅಷ್ಟೇ ಲೆಕ್ಕದಲ್ಲಿ ಕಮ್ಮಿ. ವೇಗ ಯಾರಿಗೆ ಬೇಕಿತ್ತು? ಮೂಟೆಗಳನ್ನ ಹಿಂದಿನ ಚಕ್ರದಿಂದ ಮುಂದಕ್ಕೆ ಬರೋ ಹಾಗೆ ಕ್ಯಾರಿಯರನ್ನೂ ಬದಲಾಯಿಸಿದ್ವಿ, ಅದು ಅಪ್ಪನ ಐಡಿಯಾ. ಮೊದಲು ಒಂದು ಮೂಟೆ ಹಾಕಿ ನಾನೇ ಹತ್ತಿಸಿದೆ, ಆಮೇಲೆ ಎರಡು, ಆಮೇಲೆ ಮೂರು. ಹತ್ತಿತು. ನಾಲ್ಕು ಹತ್ತಲ್ಲ, ಹಾಕೋದೂ ಇಲ್ಲ.

ಪರ್ಫಾರ್ಮೆನ್ಸ್ ಕ್ಯಾಮ್ ಈಗ ನನ್ನ ಆಫೀಸಿನ ಟೇಬಲ್ ಮೇಲಿದೆ, ಪೇಪರ್ ಹಾರದ ಹಾಗೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. "ಬರೋ ವಾರ ಬರ್ತೀಯೇನ್ಲಾ?"

"ಯಾಕಪ್ಪ, ಗಾಡಿ ಕೆಟ್ಟೋಯ್ತಾ?"

"ಗಾಡಿ ಚೆನ್ನಾಗೈತೆ. ಹುಣಸೆನೂ ಮುಗೀತು. ಬಾ ಅಂದೆ, ಅಷ್ಟೇ."

ಆ ವಾರ ರಿಲೀಸ್ ಇದೆ ಅಂತ ಬಾಯಿಗೆ ಬಂದಿತ್ತು. ಈ ಸಲ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. ಬರ್ತೀನಪ್ಪ ಅಂದೆ.