ರಾತ್ರಿಯ ಮೊದಲ ಹಾಡುಗಾರ

ಬಡಗುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ಸಂಗೀತಗಾರ ಎಂಬ ಒಂದು ಸ್ಥಾನವಿದೆ. ಹೆಸರು ದೊಡ್ಡದು, ಗೌರವ ಸಣ್ಣದು. ಆಟ ಶುರುವಾದಾಗ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗಕ್ಕೆ ಹಾಡುವವನು ಅವನು. ಆ ಹೊತ್ತಿನಲ್ಲಿ ಜನ ಇನ್ನೂ ಬರುತ್ತಿರುತ್ತಾರೆ. ಜಾಗಕ್ಕಾಗಿ ಜಗಳ, ಮಕ್ಕಳ ಅಳು, ಹೊರಗಡೆ ನೆಲಗಡಲೆಯವನ ಕೂಗು. ಮುಖ್ಯ ಭಾಗವತರು ಬಂದು ಕುಳಿತ ಮೇಲೆಯೇ ಆಟಕ್ಕೆ ಕಳೆ. ಅಲ್ಲಿಯವರೆಗೆ ಹಾಡಿದವನು ಯಾರೆಂದು ಕೇಳುವವರು ಕಡಿಮೆ.

ಕಾಳಿಂಗ ನಾವಡರು ಮೇಳದೊಳಗೆ ಬಂದದ್ದು ಈ ಬಾಗಿಲಿನಿಂದಲೇ. ಸಾಲಿಗ್ರಾಮಕ್ಕೆ ತಾಗಿಕೊಂಡ ಗುಂಡ್ಮಿಯವರು, ಹುಟ್ಟಿದ್ದು 1958ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹುಡುಗ ಗುರುವೆಂದು ನಂಬಿದ್ದು ನಾರಣಪ್ಪ ಉಪ್ಪೂರರನ್ನು. ಕೋಟದ ಅಮೃತೇಶ್ವರಿ ಮೇಳದಲ್ಲಿ ಗುರು ಮುಖ್ಯ ಭಾಗವತರು, ಶಿಷ್ಯ ಸಂಗೀತಗಾರ. ಮುಂಜಾವಿನವರೆಗೆ ಗುರು ಹಾಡುವುದನ್ನು ಹಿಂದೆ ಕುಳಿತು ಕೇಳುವುದು, ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಗದ್ದಲದ ನಡುವೆ ತಾನು ಹಾಡುವುದು. ತಿರುಗಾಟದ ಆರು ತಿಂಗಳೂ ಇದೇ ಪಾಠ.

ಉರ್ದು ಶಾಲೆಯಲ್ಲಿ ಕಲಿತ ನಮಗೆ ಇಲ್ಲಿ ಕವ್ವಾಲಿಯ ಹಮ್‌ನವಾಗಳು ನೆನಪಾಗುತ್ತಾರೆ. ಉಸ್ತಾದರ ಹಿಂದೆ ಸಾಲಾಗಿ ಕುಳಿತು, ಚಪ್ಪಾಳೆ ತಟ್ಟುತ್ತ, ಅವರು ಬಿಟ್ಟ ಸಾಲನ್ನು ಎತ್ತಿ ಕೊಡುವವರು. ಕೇಳುಗರು ಅವರ ಮುಖ ನೋಡುವುದಿಲ್ಲ. ಆದರೆ ಉಸ್ತಾದರ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಮುಂದೆ ನಾವಡರು ಸಾಲಿಗ್ರಾಮ ಮೇಳದ ಮುಖ್ಯ ಭಾಗವತರಾದರು. ಆಮೇಲಿನದು ಕರಾವಳಿಗೆಲ್ಲ ಗೊತ್ತಿರುವ ಕಥೆ. ಹಳೆಯ ಪದ್ಯಗಳಿಗೆ ಹೊಸ ರಾಗಗಳನ್ನು ತಂದರು, ತಾವೇ ಪ್ರಸಂಗ ಬರೆದರು. ಅವರ ‘ನಾಗಶ್ರೀ’ ನೋಡಲು ಜನ ಮುಗಿಬಿದ್ದರು. ವೇಷಧಾರಿಯ ಹೆಸರಿಗೆ ಟಿಕೆಟು ಕೊಳ್ಳುತ್ತಿದ್ದ ಜನ ಭಾಗವತನ ಹೆಸರಿಗೆ ಟಿಕೆಟು ಕೊಳ್ಳತೊಡಗಿದರು. ರಂಗಸ್ಥಳದ ಹಿಂದೆ ಕೂರುವವನು ಮುಂದಿನವರಿಗಿಂತ ದೊಡ್ಡವನಾದ. ಕರಾವಳಿ ಕೋಗಿಲೆ ಎಂದರು. ಇದು ಯಕ್ಷಗಾನವಲ್ಲ, ಸಂಗೀತ ಕಛೇರಿ ಎಂದು ಮುನಿದವರೂ ಇದ್ದರು. ಮುನಿದವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ರಾಗದ ಮೋಹ ಹೆಚ್ಚಾದರೆ ಕಥೆ ನಿಂತುಬಿಡುತ್ತದೆ, ಕುಣಿಯುವವನು ಕಾಯಬೇಕಾಗುತ್ತದೆ. ಆದರೆ ಆ ಸ್ವರ ಯಾರ ಅನುಕರಣೆಯೂ ಆಗಿರಲಿಲ್ಲ. ಗುರುವಿನದ್ದು ಕೂಡ ಅಲ್ಲ. ಅನುಕರಣೆ ಆಮೇಲೆ ಶುರುವಾಯಿತು, ಅವರದ್ದೇ.

ನಮ್ಮ ಚಾಚಾ ಡೇರೆ ಮೇಳಗಳ ಹೊರಗೆ ಚಾ ಮಾರುತ್ತಿದ್ದರು. ಒಳಗೆ ಹೋಗಿ ಒಂದು ಆಟವನ್ನೂ ಪೂರ್ತಿ ನೋಡಿದವರಲ್ಲ. ಅವರ ಲೆಕ್ಕವೇ ಬೇರೆ. "ಪೂರ್ವರಂಗದ ಹೊತ್ತಿಗೆ ನಮಗೆ ವ್ಯಾಪಾರ ಮಾರಾಯ. ನಾವಡರು ಪದ್ಯ ಎತ್ತಿದರೆ ಅಂಗಡಿ ಖಾಲಿ. ಬಿಸಿ ಮಾಡಿದ ಹಾಲು ಕೆನೆ ಕಟ್ಟುತ್ತಿತ್ತು" ಎನ್ನುತ್ತಿದ್ದರು. ನಷ್ಟದ ಮಾತನ್ನು ಅಷ್ಟು ಖುಷಿಯಿಂದ ಹೇಳಿದವರನ್ನು ನಾವು ಮತ್ತೆ ಕಂಡಿಲ್ಲ. ಚೆಂಡೆಯ ಸದ್ದು ಡೇರೆಯ ಬಟ್ಟೆ ದಾಟಿ ಬರುವಾಗ ಒಳಗಿನವರು, ಹೊರಗಿನವರು ಎಂಬ ಭೇದ ಇರಲಿಲ್ಲ ಎಂದು ಸುಲಭವಾಗಿ ಬರೆದುಬಿಡಬಹುದು. ಭೇದ ಇತ್ತು, ಟಿಕೆಟಿನದ್ದೂ ಇತ್ತು, ಬೇರೆಯದೂ ಇತ್ತು. ದನಿಗೆ ಮಾತ್ರ ಅದು ಗೊತ್ತಿರಲಿಲ್ಲ.

1990ರ ಮೇ 27ರಂದು ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತೆರಡು ತುಂಬಲು ಕೆಲವೇ ದಿನ ಬಾಕಿ ಇತ್ತು. ಆಗ ಚಿಕ್ಕವರಾಗಿದ್ದ ನಮಗೆ ಅವರು ಸಿಕ್ಕಿದ್ದು ಕ್ಯಾಸೆಟ್ಟುಗಳಲ್ಲಿ. ಸುತ್ತಿ ಸುತ್ತಿ ಸವೆದು, ಪೆನ್ಸಿಲು ತೂರಿಸಿ ತಿರುಗಿಸಿದ ಕ್ಯಾಸೆಟ್ಟುಗಳಲ್ಲಿ.

ಅವರ ನಂತರ ಹೆಸರಾದ ಸುಬ್ರಹ್ಮಣ್ಯ ಧಾರೇಶ್ವರರೂ ಹಿತ್ತಲ ಬಾಗಿಲಿನಿಂದ ಬಂದವರು. ಗೋಕರ್ಣದ ಕಡೆಯ ಅವರು ಮೊದಲು ಅಮೃತೇಶ್ವರಿ ಮೇಳ ಸೇರಿದ್ದು ಎಲೆಕ್ಟ್ರಿಷಿಯನ್ ಆಗಿ. ಉಪ್ಪೂರರ ಬಳಿ ಕಲಿತು ಭಾಗವತರಾಗಿ, ಪೆರ್ಡೂರು ಮೇಳದಲ್ಲಿ 28 ವರ್ಷ ಹಾಡಿ, 2024ರ ಏಪ್ರಿಲ್‌ನಲ್ಲಿ ಅಗಲಿದರು.

ಈಗ ಆ ಬಾಗಿಲುಗಳು ಕಿರಿದಾಗುತ್ತಿವೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂಬ 2000ದ ನಿಯಮ, ಮರುದಿನ ಕೆಲಸಕ್ಕೆ ಓಡಬೇಕಾದ ಪ್ರೇಕ್ಷಕರು, ಎರಡೂ ಸೇರಿ ಕಾಲಮಿತಿಯ ಆಟಗಳು ಹೆಚ್ಚಿವೆ. ಸಮಯ ಉಳಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ ಬಾಲಗೋಪಾಲರಿಲ್ಲದಿದ್ದರೆ ಪ್ರೇಕ್ಷಕನಿಗೆ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಕಡಿಮೆಯಾದದ್ದು ಕಲಿಯುವ ಹುಡುಗನಿಗೆ: ಯಾರೂ ಕೇಳದಿರುವಾಗ ಹಾಡಿ, ತಪ್ಪಿ, ಮರುದಿನ ಮತ್ತೆ ಹಾಡುವ ಅವಕಾಶ. ಗಾನವೈಭವಗಳಲ್ಲಿ ಇಂದಿನ ಹುಡುಗರು ನೇರವಾಗಿ ಮೈಕಿನ ಮುಂದೆ ಕೂರುತ್ತಾರೆ. ಕಂಠ ಚೆನ್ನಾಗಿರುತ್ತದೆ. ಎತ್ತಿಕೊಳ್ಳುವ ಪದ್ಯ ಹೆಚ್ಚಾಗಿ ನಾವಡರು ಹಾಡಿದ್ದು, ರಾಗವೂ ಅದೇ, ಎಳೆಯುವ ಕಡೆಯೂ ಅದೇ. ಚಪ್ಪಾಳೆ ಮೊದಲ ಸಾಲಿಗೇ ಬೀಳುತ್ತದೆ.