ಎಲೆಗೊಂದು ಹಸಿರು ಸಾಲದು

ಬೆಳಿಗ್ಗೆ ಪಾರ್ಸಲ್ ಬಿಚ್ಚಿದ ಕೂಡಲೇ ಸಿಟ್ಟು ಬಂತು. ಕ್ಯಾನ್ವಾಸ್ ಮೇಲೆ ಹೊಲಿಯುವ ತೋಟದ ಚಿತ್ರ. ಗುಲಾಬಿಗೆ ಬಗೆಬಗೆಯ ಕೆಂಪು ಲಡಿಗಳನ್ನು ಕೊಟ್ಟಿದ್ದಾರೆ, ಎಲೆಗಳಿಗೆಲ್ಲ ಒಂದೇ ಗಿಳಿಹಸಿರು. ಹೊಲಿಗೆಯೂ ಒಂದೇ, ಈ ತುದಿಯಿಂದ ಆ ತುದಿಯವರೆಗೆ ಅರ್ಧ ಕ್ರಾಸ್. ಚಿತ್ರದ ಮುಕ್ಕಾಲು ಪಾಲು ಎಲೆಯೇ ಇರುವಾಗ ಇದೆಂಥ ಅನ್ಯಾಯ!

ದೆಹಲಿಯ ದ್ವಾರಕಾದ ನಮ್ಮ ಬಾಲ್ಕನಿಯಲ್ಲಿ ನಿಂತರೆ ಸಾಕು, ಹಸಿರು ಒಂದಲ್ಲ ಎಂದು ಗೊತ್ತಾಗುತ್ತದೆ. ವಸಂತದಲ್ಲಿ ಅರಳಿಯ ಚಿಗುರು ತಾಮ್ರದ ಬಣ್ಣಕ್ಕಿರುತ್ತದೆ. ಮೇ ತಿಂಗಳ ಧೂಳಿಗೆ ಬೇವೂ ಬೂದಿಯಾಗುತ್ತದೆ, ಮೊದಲ ಮಳೆ ಬಿದ್ದ ಮರುದಿನ ಅದೇ ಮರವನ್ನು ಗುರುತಿಸುವುದೇ ಕಷ್ಟ. ಚಳಿಗಾಲದಲ್ಲಿ ಇಲ್ಲಿನ ಹೆಂಗಸರು ತುಳಸಿಗೆ ಕೆಂಪು ಚುನ್ನಿ ಹೊದಿಸುತ್ತಾರೆ. ಆದರೂ ಜನವರಿ ಹೊತ್ತಿಗೆ ಎಲೆ ಕಂದುತ್ತದೆ. ಆ ಕಂದಿದ ಎಲೆಗೆ ಯಾವ ದಾರ ಹಾಕುತ್ತೀರಿ?

ದಾರದ ಮಾತು ಆಮೇಲೆ. ಎಲೆಗೆ ಮೊದಲು ಹೊಲಿಗೆ ಬದಲಿಸಬೇಕು, ಬಣ್ಣವನ್ನಲ್ಲ. ಇದನ್ನು ನಾನು ಧಾರವಾಡದ ಕಸೂತಿಯಿಂದ ಕಲಿತೆ. ಅಲ್ಲಿ ಚಿತ್ರ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಗೆರೆ ಎಳೆಯುತ್ತದೆ, ಮುರ್ಗಿ ಮೆಟ್ಟಿಲು ಕಟ್ಟುತ್ತದೆ, ನೇಯ್ಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ, ಮೆಂತಿ ಮೈ ತುಂಬುತ್ತದೆ. ಇಳಕಲ್ ಸೀರೆಯ ಮೇಲಿನ ತುಳಸಿಕಟ್ಟೆಗೆ ಜೀವ ಬರುವುದು ಈ ನಾಲ್ಕರಿಂದಲೇ.

ಕ್ಯಾನ್ವಾಸಿನಲ್ಲೂ ಹೀಗೇ ಮಾಡಿ ನೋಡಿ. ಆರೆಳೆಯ ಹತ್ತಿ ಲಡಿಯಿಂದ ಬೇಕಾದಷ್ಟು ಎಳೆ ಬಿಡಿಸಿಕೊಳ್ಳಿ. ಎಲೆಯ ಅರ್ಧವನ್ನು ಎಡಕ್ಕೆ ಓರೆಯಾಗಿ, ಇನ್ನರ್ಧವನ್ನು ಬಲಕ್ಕೆ ಓರೆಯಾಗಿ ಉದ್ದ ಹೊಲಿಗೆಯಲ್ಲಿ ತುಂಬಿ, ನಡುನರಕ್ಕೆ ಗವಂತಿ ಹಾಕಿ. ದಾರ ಒಂದೇ, ಆದರೆ ಒಂದು ಬದಿ ಬಿಸಿಲಲ್ಲಿದೆ, ಇನ್ನೊಂದು ನೆರಳಲ್ಲಿದೆ. ರೇಷ್ಮೆಗೂ ಮರ್ಸರೈಸ್ ಮಾಡಿದ ಹತ್ತಿಗೂ ಹೊಳಪಿರುವುದರಿಂದ ದಾರ ಮಲಗಿದ ದಿಕ್ಕಿಗೆ ತಕ್ಕಂತೆ ಬೆಳಕು ಹೊರಳುತ್ತದೆ. ಉಣ್ಣೆ ಬೆಳಕನ್ನು ನುಂಗುತ್ತದೆ. ಬೇಲಿಯ ಹಿಂದಿನ ದಟ್ಟ ಪೊದೆಗೆ ಅದೇ ಸರಿ. ಎದುರಿನ ಎಲೆಗೆ ರೇಷ್ಮೆ, ಹಿಂದಿನದಕ್ಕೆ ಉಣ್ಣೆ ಹಾಕಿದರೆ ತೋಟಕ್ಕೆ ಆಳ ಬರುತ್ತದೆ.

ಹಸಿರು ದಾರ ಅಗ್ಗದ ವಸ್ತುವಾಗಿದ್ದು ಇತ್ತೀಚೆಗೆ. ಗಿಡಮೂಲದ ಬಣ್ಣಗಳ ಕಾಲದಲ್ಲಿ ಒಳ್ಳೆಯ ಹಸಿರು ಬೇಕೆಂದರೆ ನೂಲನ್ನು ನೀಲಿಯಲ್ಲೂ ಹಳದಿಯಲ್ಲೂ ಎರಡು ಸಲ ಅದ್ದಬೇಕಿತ್ತು. ನೀಲಿ ಬಾಳುತ್ತದೆ, ಹಳದಿ ಬೆಳಕಿಗೆ ಸೋಲುತ್ತದೆ. ಯುರೋಪಿನ ಹಳೆಯ ಚಿತ್ರಗಂಬಳಿಗಳಲ್ಲಿ ಕಾಡುಗಳೆಲ್ಲ ಇಂದು ನೀಲಿಯಾಗಿ ಕಾಣುವುದು ಇದರಿಂದಲೇ. ಎಲೆಯ ಬಣ್ಣಕ್ಕಾಗಿ ಅಷ್ಟು ಪಾಡುಪಟ್ಟ ಕೈಗಳನ್ನು ನೆನೆದಾಗ ನನ್ನ ಬೆಳಗಿನ ಸಿಟ್ಟು ಇನ್ನಷ್ಟು ನ್ಯಾಯವೆನಿಸುತ್ತದೆ.

ಹೂವಿನ ಮೇಲೇ ಎಲ್ಲರ ಕಣ್ಣು. ಆದರೆ ಪಂಪ ಬನವಾಸಿಯ ತೋಟಗಳನ್ನು ಎಣಿಸುವಾಗ ಜಾಜಿ ಸಂಪಿಗೆಗಿಂತ ಮೊದಲು ಮಾಮರವನ್ನೂ ಎಲೆಬಳ್ಳಿಯನ್ನೂ ನೆನೆದ. ಸಾವಿರ ವರ್ಷದ ಹಿಂದೆಯೇ ನಮ್ಮ ಆದಿಕವಿ ವೀಳ್ಯದೆಲೆಗೆ ಮಣೆ ಹಾಕಿದ್ದಾನೆ! ಅದನ್ನು ನೆನೆದ ಮೇಲೆ ಗುಲಾಬಿ ಬದಿಗಿಟ್ಟು ವೀಳ್ಯದ ಬಳ್ಳಿಯನ್ನೇ ಹೊಲಿಯಬೇಕೆನಿಸಿದೆ. ಯಾವ ಎಲೆ? ಇಲ್ಲಿನ ಪಾನ್ ಅಂಗಡಿಯ ಬನಾರಸಿ ಎಲೆ ಹದ ಮಾಡಿದ್ದು, ಬಿಳಿಚಿಕೊಂಡು ಹಳದಿಗೆ ತಿರುಗಿರುತ್ತದೆ. ನಮ್ಮ ಮೈಸೂರು ಚಿಗುರೆಲೆಯ ಹಸಿರೇ ಬೇರೆ, ತೊಟ್ಟಿನ ಬುಡದಿಂದಲೇ ಬಾಗಿ ಹರಡುವ ಅದರ ನರಗಳ ಚೆಂದವೇ ಬೇರೆ. ಊರಿನಿಂದ ಬರುವವರ ಕೈಯಲ್ಲಿ ಒಂದು ಕಟ್ಟು ತರಿಸಬೇಕು.

ನೀವೂ ಎಲೆ ಹೊಲಿಯುವವರಾದರೆ ದಾರ ಕೊಳ್ಳಲು ಹೋಗುವಾಗ ಒಂದು ನಿಜವಾದ ಎಲೆಯನ್ನು ಜೊತೆಗೆ ಒಯ್ಯಿರಿ. ಅಂಗಡಿಯ ಟ್ಯೂಬ್‌ಲೈಟನ್ನು ನಂಬಬೇಡಿ. ಲಡಿಗಳನ್ನು ಬಾಗಿಲಾಚೆಗೆ ತಂದು, ಬಿಸಿಲಲ್ಲಿ ಎಲೆಯ ಪಕ್ಕ ಹಿಡಿದು ನೋಡಿ ಆರಿಸಿ.