ಕಾಲಿನ ವಾಸನೆ

ನಿಮ್ಮ ಎಕ್ಸ್‌ಪ್ರೆಸ್ ಗಾಡಿ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವಾಗ, ಬಿಳಿ ಬಟ್ಟೆಯವನೊಬ್ಬ ಪ್ಲಾಟ್‌ಫಾರ್ಮಿನ ಮೇಲೆ ಹಸಿರು ಬಾವುಟ ಹಿಡಿದು ನಿಂತಿರುವುದನ್ನು ನೀವು ನೋಡಿರುತ್ತೀರಿ. ಕಿಟಕಿಯಲ್ಲಿರುವ ಮಕ್ಕಳು ಅವನಿಗೆ ಟಾಟಾ ಮಾಡುತ್ತಾರೆ. ಅವನು ತಿರುಗಿ ಕೈ ಬೀಸುವುದಿಲ್ಲ. ಸಿಡುಕನೆಂದು ತಿಳಿಯಬೇಡಿ. ಅವನ ಕಣ್ಣು ಕಿಟಕಿಯ ಮೇಲಿರುವುದಿಲ್ಲ, ಚಕ್ರದ ಮೇಲಿರುತ್ತದೆ.

ಆ ಬಿಳಿ ಬಟ್ಟೆಯವರಲ್ಲಿ ನಾನೂ ಒಬ್ಬ. ಊರು ರಾಯಚೂರು. ಕೆಲಸ ಹೈದರಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ, ವಿಕಾರಾಬಾದ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಇಲ್ಲಿ ಪ್ಯಾಸೆಂಜರ್ ಗಾಡಿಯ ಜನಕ್ಕಿಂತ ಗೂಡ್ಸ್ ಗಾಡಿಗಳದ್ದೇ ಹೆಚ್ಚು ಒಡನಾಟ. ಸಿಂಗರೇಣಿಯ ಕಲ್ಲಿದ್ದಲು ಆ ಕಡೆಯಿಂದ ಬರುತ್ತದೆ, ತಾಂಡೂರು-ಸೇಡಂ ಕಡೆಯ ಸಿಮೆಂಟು ಈ ಕಡೆಯಿಂದ ಹೋಗುತ್ತದೆ. 1985ರಲ್ಲಿ ಶುರುವಾದ ನಮ್ಮ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ ಸಿಂಗರೇಣಿಯ ಕಲ್ಲಿದ್ದಲು ಬೇಕು. ಹೀಗಾಗಿ ಊರಲ್ಲಿ ಕರೆಂಟು ಹೋದಾಗಲೆಲ್ಲ ಅವ್ವ ಫೋನ್ ಮಾಡಿ, “ಯಾಕಪಾ, ನಿನ್ನ ಗಾಡಿ ಎಲ್ಲಿ ನಿಂತದ?” ಎಂದು ನನ್ನನ್ನೇ ಕೇಳುತ್ತಾಳೆ. ನಾನು ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ಆ ಕಲ್ಲಿದ್ದಲು ನನಗಿಂತ ಹೆಚ್ಚು ಸಲ ಹೋಗಿಬರುತ್ತದೆ.

ಕಲ್ಲಿದ್ದಲಿನ ಗಾಡಿಗೆ ಸಾಮಾನ್ಯವಾಗಿ 58 ವ್ಯಾಗನ್. ಒಂದು ವ್ಯಾಗನ್ನಿಗೆ 8 ಗಾಲಿ. ಅಲ್ಲಿಗೆ 464 ಗಾಲಿ, ಒಂದು ಮಗ್ಗುಲಿಗೆ 232. ದೊಡ್ಡ ಯಾರ್ಡುಗಳಲ್ಲಿ ಗಾಡಿ ಒಳಗೆ ಬರುವಾಗ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದವರು ಹಳಿಯ ಎರಡೂ ಕಡೆ ಕುಕ್ಕುರುಗಾಲಲ್ಲಿ ಕೂತು ವ್ಯಾಗನ್ನಿನ ಹೊಟ್ಟೆಯ ಕೆಳಗೆ ನೋಡುತ್ತಾರೆ. ರೋಲಿಂಗ್-ಇನ್ ಪರೀಕ್ಷೆ ಅಂತ ಅದರ ಹೆಸರು. ಗಾಡಿ ಗಂಟೆಗೆ 30 ಕಿಲೋಮೀಟರಿನಲ್ಲಿ ಬಂದರೂ ಎಲ್ಲ ಮುಗಿಯುವುದು ಒಂದೂಕಾಲು ನಿಮಿಷದಲ್ಲಿ, ಅಂದರೆ ಸೆಕೆಂಡಿಗೆ ಮೂರು ಗಾಲಿ. ನಮ್ಮಂಥ ಸ್ಟೇಷನ್ನಿನಲ್ಲಿ ಅದು 60ರಲ್ಲಿ ಓಡಿದರೆ ಸೆಕೆಂಡಿಗೆ ಆರು.

ಇಷ್ಟನ್ನು ಮನುಷ್ಯ ನೋಡಲಿಕ್ಕೆ ಸಾಧ್ಯವೇ ಎಂದು ನೀವು ಕೇಳಬಹುದು. ಅವ್ವ ಮರದಾಗ ಜೋಳ ಹಸನು ಮಾಡುವುದನ್ನು ನೋಡಿದವರು ಕೇಳುವುದಿಲ್ಲ. ಅವಳು ಕಾಳು ಕಾಳನ್ನೂ ನೋಡುವುದಿಲ್ಲ, ಕಲ್ಲು ತಾನಾಗಿ ಅವಳ ಕಣ್ಣಿಗೆ ಬೀಳುತ್ತದೆ. ಇದೂ ಹಾಗೆಯೇ. ಕಳಚಿ ಜೋತಾಡುವ ಬ್ರೇಕಿನ ಭಾಗ, ತೆರೆದುಕೊಂಡ ಬಾಗಿಲು, ಚಕ್ರದಡಿ ಕಿಡಿ, ಎಲ್ಲಕ್ಕೂ ಕಡೆಗೆ ಕೊನೆಯ ವ್ಯಾಗನ್ನಿನ ಗುರುತು. ಆ ಗುರುತು ಕಾಣದಿದ್ದರೆ ಗಾಡಿ ನಡುವೆ ಎಲ್ಲೋ ತುಂಡಾಗಿ ಅರ್ಧ ಹಿಂದೆ ಉಳಿದಿರಬಹುದು. ಅದು ಖಾತ್ರಿಯಾಗುವವರೆಗೆ ಆ ದಾರಿಗೆ ಇನ್ನೊಂದು ಗಾಡಿ ಬಿಡುವಂತಿಲ್ಲ.

ಕಣ್ಣಿಗಿಂತ ಕಿವಿ ಮೂಗು ಚುರುಕು. ಗಾಲಿಯ ಅಂಚು ಒಂದು ಕಡೆ ಚಪ್ಪಟೆಯಾಗಿದ್ದರೆ ಟಕ್ ಟಕ್ ಎಂದು ತಾಳ ಹಾಕಿದಂತೆ ಬಡಿಯುತ್ತದೆ. ಬೇರಿಂಗ್ ಕೆಟ್ಟು ಅಚ್ಚು ಕಾದರೆ ಸಿಳ್ಳೆಯಂಥ ಸದ್ದು, ಹೊಗೆ. ಹಾಗೆಯೇ ಓಡಿಸಿದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪಬಹುದು.

ಸ್ಟೇಷನ್ ಮಾಸ್ಟರ್ ಒಂದು ಮಗ್ಗುಲು ನೋಡಿದರೆ ಇನ್ನೊಂದು ಮಗ್ಗುಲಿಗೆ ಪಾಯಿಂಟ್ಸ್‌ಮನ್. ನನ್ನ ಜೊತೆಯವರು ತೆಲಂಗಾಣದವರೇ, ನನಗಿಂತ ಹಿರಿಯರು. ನಾನು ಅವರಿಗೆ “ಅನ್ನಾ” ಅನ್ನುತ್ತೇನೆ, ಅವರು ನನಗೆ “ಸಾರ್” ಅನ್ನುತ್ತಾರೆ. ಒಂದು ಚಳಿಗಾಲದ ರಾತ್ರಿ ಎರಡು ಗಂಟೆಗೆ ಕಲ್ಲಿದ್ದಲಿನ ಗಾಡಿ ಹಾಯುತ್ತಿತ್ತು. ನನ್ನ ಮಗ್ಗುಲಲ್ಲಿ ಏನೂ ಇರಲಿಲ್ಲ. ಆಗ ವಾಕಿಟಾಕಿಯಲ್ಲಿ ಅವರ ದನಿ: “ಸಾರ್, ಕಾಲಿನ ವಾಸನೊಸ್ತುಂದಿ!”

ಕನ್ನಡದ ಕಿವಿಗೆ ಈ ಮಾತು ಹೇಗೆ ಕೇಳಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ತೆಲುಗಿನಲ್ಲೂ ಕಾಲು ಎಂದರೆ ಕಾಲೇ. ಆದರೆ ‘ಕಾಲಿನ ವಾಸನ’ ಎಂದರೆ ಸುಟ್ಟ ವಾಸನೆ. ಹಗಲಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ. ವ್ಯಾಗನ್ನುಗಳ ಸಂದಿನಲ್ಲಿ ಆಚೆ ಬದಿಯ ಹಸಿರು ದೀಪ ಕೆಂಪಾಗಿದ್ದು ಕಾಣುತ್ತಿತ್ತು. ನಾನೂ ಕೆಂಪು ತೋರಿಸಿ, ಲೋಕೋ ಪೈಲಟ್‌ನನ್ನು ವಾಕಿಟಾಕಿಯಲ್ಲಿ ಕರೆದೆ. ಗಾಡಿ ಸ್ಟೇಷನ್ ದಾಟಿ ಸ್ವಲ್ಪ ದೂರ ಹೋಗಿ ನಿಂತಿತು.

ನಡುವಿನ ಒಂದು ವ್ಯಾಗನ್ನಿನ ಬ್ರೇಕು ಹಿಡಿದುಕೊಂಡಿತ್ತು. ಹಿಂದೆಲ್ಲೋ ಹಾಕಿದ ಬ್ರೇಕು ಉಳಿದವಕ್ಕೆಲ್ಲ ಬಿಟ್ಟರೂ ಅದೊಂದಕ್ಕೆ ಬಿಟ್ಟಿರಲಿಲ್ಲ. ಬ್ಲಾಕು ಉಜ್ಜಿ ಉಜ್ಜಿ ಗಾಲಿ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು. ಗಾಡಿಯವರು ಆ ವ್ಯಾಗನ್ನಿನ ಬ್ರೇಕನ್ನು ಬೇರ್ಪಡಿಸಿ, ಗಾಳಿ ಬಿಟ್ಟು, ಗಾಲಿ ಆರಿದ ಮೇಲೆ ನಿಧಾನಕ್ಕೆ ಹೊರಡಿಸಿದರು.

ಬೆಳಗಿನ ಚಹಾ ಕುಡಿಯುವಾಗ, “ಅಷ್ಟು ಧೂಳಿನಾಗ ಹೆಂಗ ಗೊತ್ತಾತು ಅನ್ನಾ?” ಅಂದೆ. ನಾನು ಕನ್ನಡದಲ್ಲಿ ಕೇಳಿದರೂ ಅವರಿಗೆ ಅರ್ಥವಾಗುತ್ತದೆ. ಅವರ ತೆಲುಗನ್ನು ನಮ್ಮ ಮಾತಿಗೆ ತಂದರೆ ಹೀಗೆ: “ಅಡಿಗಿ ಮನ್ಯಾಗ ಅನ್ನ ಸೀದ್ರ ಪಡಸಾಲ್ಯಾಗ ಕುಂತವ್ರಿಗೆ ಗೊತ್ತಾಗಂಗಿಲ್ಲೇನ್ರೀ?”

ಈಗ ಯಂತ್ರಗಳು ಬಂದಿವೆ. ಹಳಿಗೆ ಕೂರಿಸಿದ ಉಪಕರಣ ಗಾಲಿಯ ಹೊಡೆತ ಅಳೆಯುತ್ತದೆ, ಹಳಿಯ ಪಕ್ಕದ ಮೈಕ್ರೋಫೋನು ಬೇರಿಂಗಿನ ಸದ್ದು ಕೇಳಿಸಿಕೊಳ್ಳುತ್ತದೆ, ಇನ್ನೊಂದು ಅಚ್ಚಿನ ಬಿಸಿ ನೋಡುತ್ತದೆ. ಬರಲಿ, ಒಳ್ಳೆಯದೇ. ಯಂತ್ರಕ್ಕೆ ರಾತ್ರಿ ಎರಡು ಗಂಟೆಯ ತೂಕಡಿಕೆ ಇಲ್ಲ. ಆದರೆ ಅವು ಇರುವುದು ಕೆಲವೇ ಕಡೆ. ಎರಡು ಯಂತ್ರಗಳ ನಡುವೆ ಎಷ್ಟೋ ಸಣ್ಣ ಸ್ಟೇಷನ್ನುಗಳಿವೆ, ಗೇಟುಗಳಿವೆ, ಅಲ್ಲೆಲ್ಲ ದೀಪ ಹಿಡಿದು ನಿಂತವನು ಮನುಷ್ಯನೇ.

ಹೊರನಾಡಿನಲ್ಲಿರುವವರಿಗೆ ಊರಿಗೆ ತಾವೇನೂ ಮಾಡಲಿಲ್ಲವೆಂಬ ಕೊರಗು ಇರುತ್ತದೆ. ಆ ರಾತ್ರಿಯ ಗಾಡಿ ಶಕ್ತಿನಗರಕ್ಕೇ ಹೋಗಬೇಕಾಗಿದ್ದದ್ದು. ಮರುದಿನ ಅವ್ವನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ಆ ಅಣ್ಣಗ ಊಟಕ್ಕ ಕರಕೊಂಡ್ ಬಾ,” ಅಂದಳು. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ಸುಲಭವಲ್ಲ, ಆದರೂ ಈ ಸಲ ಅರ್ಜಿ ಹಾಕಿದ್ದೇವೆ.